ಒಂದು ಸುವಾರ್ತೆ, ಒಂದು ಪೆನ್ಸಿಲ್, ದಿನಕ್ಕೆ ಅರ್ಧ ಗಂಟೆ

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನ ನಡುವೆ. ತಾಯಿಯಿಂದ ಸಂಸ್ಕೃತ ಕಲಿತು, ಚಿಕ್ಕಂದಿನಲ್ಲೇ ಪುರಾಣಗಳನ್ನು ಕಂಠಪಾಠ ಮಾಡಿ, ಇಪ್ಪತ್ತರ ಹರೆಯದಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’ ಎನ್ನಿಸಿಕೊಂಡವರು. ಅಸ್ಸಾಮಿನ ಸಿಲ್ಚಾರಿನಲ್ಲಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಪುಟ್ಟ ಪ್ರತಿಯೊಂದು ಅವರ ಕೈಗೆ ಸಿಕ್ಕಿತು. ಮುಂದೆ ಇಂಗ್ಲೆಂಡಿಗೆ ಹೋದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಪ್ರಸಂಗ ಅವರ ಮನಸ್ಸನ್ನು ಹಿಡಿದು ನಿಲ್ಲಿಸಿತು. 1883ರಲ್ಲಿ ದೀಕ್ಷಾಸ್ನಾನ ಪಡೆದರು. ಇಷ್ಟೆಲ್ಲ ಆದ ಎಷ್ಟೋ ವರ್ಷಗಳ ಮೇಲೆ ಬರೆದ ತಮ್ಮ ಸಾಕ್ಷಿಯಲ್ಲಿ ಅವರು ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ಆಗ ತನಗೆ ಕ್ರೈಸ್ತ ಧರ್ಮವೇನೋ ಸಿಕ್ಕಿತ್ತು, ಆ ಧರ್ಮದ ಜೀವವಾದ ಕ್ರಿಸ್ತನು ಮಾತ್ರ ಸಿಕ್ಕಿರಲಿಲ್ಲ ಎಂದು.

ಅಂಥ ವಿದುಷಿಗೇ ಹೀಗಾಗಿತ್ತು ಎಂದರೆ, ಸಂಡೇ ಸ್ಕೂಲಿನಲ್ಲಿ ವಚನ ಒಪ್ಪಿಸಿ ಬಹುಮಾನ ಪಡೆದವರು ನಾವು, ಸ್ವಲ್ಪ ನಿಂತು ಯೋಚಿಸಬೇಕು. ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ಯೇಸು ಶಾಸ್ತ್ರಬಲ್ಲವರಿಗೆ ಇದನ್ನೇ ಹೇಳುತ್ತಾನೆ. ಅವರು ಶಾಸ್ತ್ರವನ್ನು ಶೋಧಿಸಿ ಓದುತ್ತಾರೆ. ಆ ಶಾಸ್ತ್ರ ಸಾಕ್ಷಿ ಹೇಳುವುದು ಆತನ ಬಗ್ಗೆಯೇ. ಆದರೂ ಅವರಿಗೆ ಆತನ ಬಳಿಗೆ ಬರಲು ಮನಸ್ಸಿಲ್ಲ. ಓದಿಗೂ ಬರುವುದಕ್ಕೂ ನಡುವೆ ಇರುವ ಈ ಅಂತರವನ್ನು ದಾಟುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಮನೆಯಲ್ಲಿ ಬೈಬಲ್ ಇದೆ, ಆಗಾಗ ಓದುತ್ತೇನೆ, ಆದರೂ ಯೇಸುವಿನೊಂದಿಗೆ ಸಲಿಗೆ ಬೆಳೆದಿಲ್ಲ ಅನ್ನಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿಂದ ಶುರು ಮಾಡುವುದು

ಹೊಸ ವರ್ಷದ ಆರಾಧನೆ ಮುಗಿಸಿ ಬಂದು ಆದಿಕಾಂಡದಿಂದ ಶುರುಮಾಡಿ, ಯಾಜಕಕಾಂಡದ ಹೋಮಬಲಿಗಳ ವಿವರಕ್ಕೆ ಬರುವಷ್ಟರಲ್ಲಿ ನಿಂತುಹೋಗುವವರು ಬಹಳ ಮಂದಿ. ಇಡೀ ಬೈಬಲನ್ನು ವರ್ಷದಲ್ಲಿ ಮುಗಿಸುವ ಪಟ್ಟಿಗಳು ಒಳ್ಳೆಯವೇ. ಆದರೆ ಯೇಸುವನ್ನು ಹತ್ತಿರದಿಂದ ಅರಿಯಬೇಕೆಂಬುದು ನಿಮ್ಮ ಆಸೆಯಾದರೆ ಆ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಒಂದೇ ಒಂದು ಸುವಾರ್ತೆಯನ್ನು ಕೈಗೆತ್ತಿಕೊಳ್ಳಿ. ನನ್ನ ಆಯ್ಕೆ ಮಾರ್ಕ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಅದರಲ್ಲಿ ಉದ್ದುದ್ದ ಉಪದೇಶಗಳು ಕಡಿಮೆ, ಓಡಾಟ ಹೆಚ್ಚು. ಯೇಸು ಏನು ಮಾಡಿದ, ಯಾರ ಮನೆಗೆ ಹೋದ, ಯಾರನ್ನು ಮುಟ್ಟಿದ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಮೊದಲು ಒಂದು ಭಾನುವಾರ ಮಧ್ಯಾಹ್ನ ಕುಳಿತು ಇಡೀ ಮಾರ್ಕನನ್ನು ಒಂದೇ ಉಸುರಿಗೆ ಓದಿಬಿಡಿ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಟಿಪ್ಪಣಿ ಬೇಡ, ಗೆರೆ ಎಳೆಯುವುದು ಬೇಡ. ಗಲಿಲಾಯದಲ್ಲಿ ಶುರುವಾದ ದಾರಿ ಯೆರೂಸಲೇಮಿನತ್ತ ಹೇಗೆ ತಿರುಗುತ್ತದೆ, ಕೊನೆಯ ಒಂದು ವಾರಕ್ಕೆ ಮಾರ್ಕ ಎಷ್ಟೊಂದು ಜಾಗ ಕೊಡುತ್ತಾನೆ ಎಂಬುದು ಹೀಗೆ ಓದಿದರೆ ಮಾತ್ರ ತಿಳಿಯುತ್ತದೆ. ಮರುದಿನದಿಂದ ನಿಧಾನದ ಓದು: ದಿನಕ್ಕೆ ಒಂದು ಪ್ರಸಂಗ, ಅಂದರೆ ಹತ್ತು ಹದಿನೈದು ವಚನ, ಅರ್ಧ ಗಂಟೆ. ಬೆಳಿಗ್ಗೆಯೇ ಆಗಬೇಕೆಂದೇನಿಲ್ಲ. ಪಾಳಿಯಲ್ಲಿ ದುಡಿಯುವವರಿಗೆ, ಮಕ್ಕಳನ್ನು ಶಾಲೆಗೆ ಹೊರಡಿಸುವ ತಾಯಂದಿರಿಗೆ ಬೆಳಗಿನ ಹೊತ್ತು ಸಿಗುವುದೇ ಕಷ್ಟ. ಆದರೆ ಹೊತ್ತು ಯಾವುದೇ ಇರಲಿ, ಅದು ದಿನವೂ ಒಂದೇ ಆಗಿದ್ದರೆ ಅಭ್ಯಾಸ ನಿಲ್ಲುತ್ತದೆ.

ಯಾವ ಅನುವಾದ ಎಂಬ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅಜ್ಜ ಅಜ್ಜಿಯ ಕಾಲದ ‘ಸತ್ಯವೇದ’ದ ಗಂಭೀರ ಕನ್ನಡ ಕಿವಿಯಲ್ಲಿ ಕೂತಿದ್ದರೆ ಅದನ್ನೇ ಇಟ್ಟುಕೊಳ್ಳಿ, ಜೊತೆಗೆ ಈಗಿನ ಸರಳ ಕನ್ನಡದ ಅನುವಾದವನ್ನು ಪಕ್ಕದಲ್ಲಿ ತೆರೆದಿಡಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬೈಬಲ್ ಸೊಸೈಟಿ ಆಫ್ ಇಂಡಿಯಾ ಎರಡನ್ನೂ ಪ್ರಕಟಿಸುತ್ತದೆ. ಅರ್ಥವಾಗುವ ಭಾಷೆಯಲ್ಲಿ ಓದುವುದು ಭಕ್ತಿಗೆ ಕುಂದಲ್ಲ. ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದದ್ದು ಅದಕ್ಕಾಗಿಯೇ. 1922ರಲ್ಲಿ ತೀರಿಕೊಳ್ಳುವವರೆಗೂ ಅವರ ಕೈಯಲ್ಲಿದ್ದ ಕೆಲಸ ಅದು. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ಆ ವ್ಯತ್ಯಾಸ ಹಳೆಯ ಒಡಂಬಡಿಕೆಯದು. ನೀವು ಸುವಾರ್ತೆ ಎನ್ನಿ, ಶುಭಸಂದೇಶ ಎನ್ನಿ, ನಾಲ್ಕೂ ಎಲ್ಲರಿಗೂ ಅವೇ. ಫೋನಿನಲ್ಲಿ ಓದಬಹುದು, ಆದರೆ ಅಚ್ಚಿನ ಪ್ರತಿ ಮತ್ತು ಪೆನ್ಸಿಲ್ ನನ್ನ ಶಿಫಾರಸು. ಫೋನಿನಲ್ಲಿ ಮೂರನೆಯ ವಚನಕ್ಕೆ ಬರುವಷ್ಟರಲ್ಲಿ ಯಾರದೋ ಮೆಸೇಜು ಬಂದಿರುತ್ತದೆ.

ಇನ್ನೊಂದು ಸಣ್ಣ ಎಚ್ಚರ. ಅಧ್ಯಾಯ ಮುಗಿಯಿತೆಂದು ಪ್ರಸಂಗವೂ ಮುಗಿದಿರುತ್ತದೆ ಅಂದುಕೊಳ್ಳಬೇಡಿ. ಬೈಬಲಿನ ಲೇಖಕರು ಅಧ್ಯಾಯಗಳನ್ನು ವಿಂಗಡಿಸಿರಲಿಲ್ಲ. ಈಗಿನ ಅಧ್ಯಾಯ ವಿಭಾಗ 13ನೆಯ ಶತಮಾನದ ಸ್ಟೀಫನ್ ಲ್ಯಾಂಗ್ಟನ್‌ನಿಂದ ಬಂದದ್ದು. ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆ 1551ರಲ್ಲಿ ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದ್ದು. ಮಾರ್ಕ 9:1 ನಿಜವಾಗಿ 8ನೆಯ ಅಧ್ಯಾಯದ ಮಾತಿನ ಕೊನೆ. ಅಂಕಿಗಳು ಹುಡುಕಲು ಅನುಕೂಲ, ಓದನ್ನು ನಿಲ್ಲಿಸಲು ಅಪ್ಪಣೆಯಲ್ಲ.

ಪೆನ್ಸಿಲಿಗೆ ಕೆಲಸ

ಸಾಮಾನ್ಯವಾಗಿ ನಾವು ಗೆರೆ ಎಳೆಯುವುದು ನಮಗೆ ಧೈರ್ಯ ಕೊಡುವ ವಚನಗಳ ಕೆಳಗೆ. ಈ ಬಾರಿ ಅದನ್ನು ಬಿಡಿ. ಯೇಸು ಏನನ್ನು ನೋಡಿದ, ಏನು ಅನ್ನಿಸಿತು, ಯಾರನ್ನು ಮುಟ್ಟಿದ ಎಂದು ಮಾರ್ಕ ಹೇಳುವ ಕಡೆಯೆಲ್ಲ ಅಂಚಿನಲ್ಲಿ ಒಂದು ಗುರುತು ಹಾಕುತ್ತ ಹೋಗಿ.

ಮೊದಲ ಅಧ್ಯಾಯದಲ್ಲೇ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಬರಿ ಮಾತಿನಿಂದ ಗುಣಪಡಿಸಬಲ್ಲವನು ಮುಟ್ಟಿದ. ಅದೇ ಅಧ್ಯಾಯದಲ್ಲಿ ಇನ್ನೂ ಕತ್ತಲಿರುವಾಗ ಎದ್ದು ಒಬ್ಬನೇ ಪ್ರಾರ್ಥನೆಗೆ ಹೋಗುತ್ತಾನೆ. ಮೂರನೆಯದರಲ್ಲಿ ಸಭಾಮಂದಿರದವರ ಕಲ್ಲುಮನಸ್ಸು ಕಂಡು ಕೋಪ ಮತ್ತು ದುಃಖ, ಎರಡೂ ಒಟ್ಟಿಗೆ. ಅಲ್ಲೇ ಮುಂದೆ ಸ್ವಂತ ಮನೆಯವರೇ ಇವನಿಗೆ ಬುದ್ಧಿಭ್ರಮೆ ಎಂದು ಹಿಡಿದುಕೊಂಡು ಹೋಗಲು ಹೊರಡುತ್ತಾರೆ. ಮನೆಯವರಿಂದ ತಪ್ಪು ತಿಳಿಯಲ್ಪಟ್ಟ ನೋವು ಗೊತ್ತಿರುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಾಲ್ಕನೆಯದರಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ. ಆರರಲ್ಲಿ ದಣಿದ ಶಿಷ್ಯರನ್ನು ವಿಶ್ರಾಂತಿಗೆ ಕರೆದೊಯ್ಯುವುದು, ದಂಡೆಯ ಮೇಲೆ ಜನರನ್ನು ಕಂಡು ಕನಿಕರ. ಎಂಟರಲ್ಲಿ ಆಳದ ನಿಟ್ಟುಸಿರು. ಹತ್ತರಲ್ಲಿ ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಸಿಟ್ಟು, ಆಮೇಲೆ ಅದೇ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವಾದ. ಹದಿನಾಲ್ಕರಲ್ಲಿ ಗೆತ್ಸೇಮನೆಯ ತೋಟದ ಸಂಕಟ.

ಹತ್ತನೆಯ ಅಧ್ಯಾಯದ ಐಶ್ವರ್ಯವಂತನ ಪ್ರಸಂಗದಲ್ಲಿ ಮಾರ್ಕ ಮಾತ್ರ ಹೇಳುವ ಒಂದು ವಿವರವಿದೆ: ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದ. ಮತ್ತಾಯ, ಲೂಕ ಇಬ್ಬರೂ ಇದೇ ಪ್ರಸಂಗವನ್ನು ಬರೆದಿದ್ದಾರೆ, ಈ ವಿವರ ಅವರಲ್ಲಿಲ್ಲ. ಹಾಗೆ ಪ್ರೀತಿಸಿದ ಮೇಲೆಯೇ ಆಸ್ತಿಯನ್ನೆಲ್ಲ ಮಾರುವ ಕಠಿಣ ಮಾತು ಬರುತ್ತದೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದಾಗ ಯೇಸು ಬೆನ್ನಟ್ಟಿ ಹೋಗಿ ಬೆಲೆ ಇಳಿಸುವುದಿಲ್ಲ. ಪ್ರೀತಿಯೂ ಇದೆ, ರಿಯಾಯಿತಿಯೂ ಇಲ್ಲ. ಇಂಥ ಹತ್ತಿಪ್ಪತ್ತು ಗುರುತುಗಳು ಸೇರಿದಾಗ, ಗೋಡೆಯ ಚಿತ್ರಪಟದಲ್ಲಿ ಕಂಡ ಸೌಮ್ಯ ಮುಖ ಹಿಂದೆ ಸರಿದು ಒಬ್ಬ ವ್ಯಕ್ತಿ ಎದುರಿಗೆ ಬರುತ್ತಾನೆ. ಸಂಬಂಧ ಬೆಳೆಯುವುದು ವ್ಯಕ್ತಿಯೊಡನೆ. ಆತನ ಬಗೆಗಿನ ಅಭಿಪ್ರಾಯಗಳೊಡನೆ ಅದು ಬೆಳೆಯುವುದಿಲ್ಲ.

ಒಂದು ಪ್ರಸಂಗವನ್ನು ಹೀಗೆ ಓದಬಹುದು

ಮಾರ್ಕ 5:21ರಿಂದ 43ರವರೆಗೆ ತೆರೆಯಿರಿ. ಒಮ್ಮೆ ಗಟ್ಟಿಯಾಗಿ ಓದಿ. ಇನ್ನೊಮ್ಮೆ ನಿಧಾನವಾಗಿ.

ಸಮುದ್ರದ ದಂಡೆ, ನೂಕುನುಗ್ಗಲು. ಸಭಾಮಂದಿರದ ಅಧಿಕಾರಿ ಯಾಯೀರ ಎಲ್ಲರೆದುರು ಯೇಸುವಿನ ಕಾಲಿಗೆ ಬೀಳುತ್ತಾನೆ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಒಂದೊಂದು ನಿಮಿಷವೂ ಮುಖ್ಯ. ಯೇಸು ಹೊರಡುತ್ತಾನೆ. ಅಷ್ಟರಲ್ಲಿ ಜನರ ನಡುವಿನಿಂದ ಒಬ್ಬ ಹೆಂಗಸು ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ. ಹನ್ನೆರಡು ವರ್ಷದಿಂದ ರಕ್ತಸ್ರಾವ, ವೈದ್ಯರಿಗೆ ಸುರಿದು ಹಣವೆಲ್ಲ ಖಾಲಿ, ರೋಗ ಮಾತ್ರ ಹೆಚ್ಚಾಗಿದೆ. ಇಲ್ಲಿ ಪುಟ ತಿರುವಿ ಯಾಜಕಕಾಂಡ 15:25–27 ನೋಡಿ. ಇಂಥ ಸ್ರಾವವಿರುವವಳು ಅಶುದ್ಧಳು. ಅವಳು ಕುಳಿತ, ಮಲಗಿದ ಜಾಗ ಮುಟ್ಟಿದವರೂ ಅಶುದ್ಧರು. ಅಂದರೆ ಹನ್ನೆರಡು ವರ್ಷ ಅವಳನ್ನು ಯಾರೂ ನಿರಾಳವಾಗಿ ಮುಟ್ಟಿರಲಾರರು. ಮುಟ್ಟು, ಮೈಲಿಗೆಗಳ ನೋವು ಉಂಡ ನಮ್ಮ ನೆಲದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವಳು ಹಿಂದಿನಿಂದ ಏಕೆ ಬಂದಳು ಎಂಬುದು ಈಗ ತಿಳಿಯುತ್ತದೆ.

ಗುಣವಾಯಿತು. ಯೇಸು ಹಾಗೇ ಮುಂದೆ ನಡೆಯಬಹುದಿತ್ತು. ಆತ ನಿಲ್ಲುತ್ತಾನೆ, ಮುಟ್ಟಿದವರು ಯಾರೆಂದು ಕೇಳುತ್ತಾನೆ. ಇಷ್ಟೊಂದು ಜನ ಮೈಮೇಲೆ ಬೀಳುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ಅಚ್ಚರಿ. ಆತ ಸುತ್ತಲೂ ನೋಡುತ್ತಲೇ ಇದ್ದಾನೆ. ಈಗ ಯಾಯೀರನ ಜಾಗದಲ್ಲಿ ನಿಂತು ನೋಡಿ. ಮನೆಯಲ್ಲಿ ಮಗಳ ಉಸಿರು ಹೋಗುತ್ತಿದೆ, ಇಲ್ಲಿ ಯೇಸು ನಿಂತುಬಿಟ್ಟಿದ್ದಾನೆ. ಹೆಂಗಸು ನಡುಗುತ್ತ ಬಂದು ನಿಜವನ್ನೆಲ್ಲ ಹೇಳುತ್ತಾಳೆ. ಹನ್ನೆರಡು ವರ್ಷದ ಕಥೆ ಬೇಗ ಮುಗಿಯುವಂಥದ್ದಲ್ಲ. ಯೇಸು ಕೇಳಿಸಿಕೊಳ್ಳುತ್ತಾನೆ, ಅವಳನ್ನು ಮಗಳೇ ಎಂದು ಕರೆಯುತ್ತಾನೆ. ಸುವಾರ್ತೆಗಳಲ್ಲಿ ಒಬ್ಬ ಹೆಂಗಸನ್ನು ಯೇಸು ಹಾಗೆ ಕರೆದದ್ದು ಈ ಪ್ರಸಂಗದಲ್ಲಿ ಮಾತ್ರ. ಮೈ ಗುಣವಾದದ್ದು ಅವಳಿಗೆ ಗುಟ್ಟಾಗಿ ಸಿಕ್ಕಿತ್ತು. ಈ ಕರೆ ಇಡೀ ಊರಿನ ಎದುರು ಸಿಕ್ಕಿತು.

ಆ ಮಾತು ಮುಗಿಯುವ ಮೊದಲೇ ಯಾಯೀರನ ಮನೆಯಿಂದ ಸುದ್ದಿ: ಮಗಳು ಹೋದಳು. ತಡವಾದದ್ದಕ್ಕೆ ಇದು ಬೆಲೆಯೇ? ಹೆದರಬೇಡ, ನಂಬು ಎಂದು ಯೇಸು ಅವನನ್ನು ಕರೆದುಕೊಂಡು ಹೋಗುತ್ತಾನೆ. ಅಳುವ ಜನ, ಅದೇ ಜನರ ನಗೆ. ಯೇಸು ತಂದೆತಾಯಿಯರನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಂಡು, ಸತ್ತ ಹುಡುಗಿಯ ಕೈ ಹಿಡಿಯುತ್ತಾನೆ. ಹೆಣ ಮುಟ್ಟುವುದೂ ಮೈಲಿಗೆ (ಅರಣ್ಯಕಾಂಡ 19:11). ಹುಡುಗಿ ಎದ್ದು ನಡೆದಾಡುತ್ತಾಳೆ. ಅವಳ ವಯಸ್ಸು ಹನ್ನೆರಡು. ಆ ಹೆಂಗಸಿನ ರೋಗಕ್ಕೂ ಈ ಹುಡುಗಿಗೂ ಒಂದೇ ಪ್ರಾಯ. ಎಲ್ಲರೂ ದಂಗಾಗಿ ನಿಂತಿರುವಾಗ, ಮಗುವಿಗೆ ಏನಾದರೂ ತಿನ್ನಲು ಕೊಡಿ ಎಂದು ಆತನಿಗೆ ಮಾತ್ರ ನೆನಪಾಗುತ್ತದೆ.

ಈಗ ಪುಸ್ತಕ ಮಡಚಿ ಕೇಳಿಕೊಳ್ಳಿ: ಈ ದಂಡೆಯಲ್ಲಿ ನಾನು ಎಲ್ಲಿದ್ದೇನೆ? ಬೇರೆಯವರ ಪ್ರಾರ್ಥನೆಗೆ ಉತ್ತರ ಸಿಗುವುದನ್ನು ನೋಡುತ್ತ ಕಾಯುವ ಯಾಯೀರನ ಪಕ್ಕದಲ್ಲೇ? ಯಾರಿಗೂ ಕಾಣದಂತೆ ಹಿಂದಿನಿಂದ ಬಂದವಳ ಪಕ್ಕದಲ್ಲೇ? ಅಥವಾ ದಿನವಿಡೀ ಆತನ ಮೈಗೆ ತಾಗಿಕೊಂಡೇ ನಡೆದೂ ಏನನ್ನೂ ಪಡೆಯದ ಗುಂಪಿನಲ್ಲೇ? ಉತ್ತರವನ್ನು ಆತನಿಗೇ ಹೇಳಿ, ನಿಮ್ಮ ಮನೆಯ ಮಾತಿನಲ್ಲಿ. ಓದು ಪ್ರಾರ್ಥನೆಯಾಗುವ ಜಾಗ ಇದು. ಇಲ್ಲಿಯವರೆಗೆ ಬರದೆ ಎದ್ದರೆ ಅಧ್ಯಯನವಷ್ಟೇ ಆಗುತ್ತದೆ. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಎರಡು ಮೂರು ಸಾಲು ಬರೆದರೆ ಸಾಕು.

ಈ ಕ್ರಮ ಹೊಸದಲ್ಲ. 12ನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಇದನ್ನು ಓದು, ಮನನ, ಪ್ರಾರ್ಥನೆ, ಮೌನ ಎಂದು ನಾಲ್ಕು ಮೆಟ್ಟಿಲಾಗಿ ವಿವರಿಸಿದ. 16ನೆಯ ಶತಮಾನದಲ್ಲಿ ಲೊಯೊಲಾದ ಇಗ್ನೇಷಿಯಸ್ ಪ್ರಸಂಗದೊಳಗೆ ಹೋಗಿ ನಿಂತು ನೋಡುವುದನ್ನು ಕಲಿಸಿದ. ಇದು ಕಥೋಲಿಕರ ಪದ್ಧತಿ ಎಂದು ಉಳಿದವರು ಹಿಂಜರಿಯಬೇಕಿಲ್ಲ. ಒಂದೇ ಮಿತಿ: ಬರೆದದ್ದರಲ್ಲಿ ಇಲ್ಲದ ಮಾತನ್ನು ಯೇಸುವಿನ ಬಾಯಿಗೆ ಹಾಕಬಾರದು.

ವಾಗ್ದಾನದ ವಚನಗಳ ವಿಷಯ

ಯೆರೆಮೀಯ 29:11 ನಮ್ಮ ಸಭೆಗಳಲ್ಲಿ ಗೋಡೆಯ ಕ್ಯಾಲೆಂಡರಿನಿಂದ ಮದುವೆ ಆಮಂತ್ರಣದವರೆಗೆ ಎಲ್ಲೆಡೆ ಇದೆ. ದೇವರು ನಮಗಾಗಿ ಹಿತದ ಯೋಜನೆ ಇಟ್ಟಿದ್ದಾನೆಂಬ ಆ ಮಾತು ಯಾರಿಗೆ ಬೇಡ? ಆದರೆ ಒಮ್ಮೆ ಅಧ್ಯಾಯವನ್ನು ಮೊದಲಿನಿಂದ ಓದಿ. ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಬೇಗ ಊರಿಗೆ ಮರಳುತ್ತೀರೆಂದು ಹೇಳುವ ಸುಳ್ಳು ಪ್ರವಾದಿಗಳನ್ನು ನಂಬಬೇಡಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯಾಗಿಟ್ಟ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಹತ್ತನೆಯ ವಚನದಲ್ಲಿ ಎಪ್ಪತ್ತು ವರ್ಷದ ಗಡುವು ಇದೆ. ಅಂದರೆ ಕಾಗದ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಆ ದಿನ ನೋಡಲಾರರು. ಇದನ್ನೆಲ್ಲ ತಿಳಿದ ಮೇಲೆ ಆ ವಚನ ಸಣ್ಣದಾಗುವುದಿಲ್ಲ, ಬಲವಾಗುತ್ತದೆ. ವರ್ಷಗಟ್ಟಲೆ ಕಾಯುತ್ತಿರುವವರ ಕೈಗೆ ಅದು ನಿಜವಾಗಿ ಸೇರುತ್ತದೆ. ವಾಟ್ಸ್ಯಾಪಿನಲ್ಲಿ ಬೆಳಗಿನ ವಚನ ಬಂದಾಗ ಅದರ ಹಿಂದೆ ಮುಂದೆ ಹತ್ತು ವಚನ ತೆರೆದು ಓದಿ. ಇಷ್ಟೇ ಅಭ್ಯಾಸದಿಂದ ಬಹಳಷ್ಟು ತಪ್ಪು ತಿಳಿವಳಿಕೆ ದೂರವಾಗುತ್ತದೆ.

ಕೀರ್ತನೆಗಳನ್ನು ಸುವಾರ್ತೆಯ ಜೊತೆಗೇ ಇಟ್ಟುಕೊಳ್ಳಿ, ರಾತ್ರಿ ಮಲಗುವ ಮುನ್ನ ಒಂದು. ಇವು ಯೇಸುವಿನ ಸ್ವಂತ ಪ್ರಾರ್ಥನೆಗಳೂ ಹೌದು. ಶಿಲುಬೆಯ ಮೇಲೆ ಆತನ ಬಾಯಿಗೆ ಬಂದದ್ದು 22ನೆಯ ಕೀರ್ತನೆಯ ಮೊದಲ ಮಾತು (ಮಾರ್ಕ 15:34), ಪ್ರಾಣ ಬಿಡುವಾಗಿನದು 31ನೆಯದರಿಂದ (ಲೂಕ 23:46). ಮನಸ್ಸು ಒಣಗಿ ಪ್ರಾರ್ಥನೆಗೆ ಮಾತೇ ಹೊರಡದ ದಿನಗಳಿಗೆ 88ನೆಯದು ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಯಾವ ಸಮಾಧಾನದ ಮಾತೂ ಕೊನೆಗೆ ಬರುವುದಿಲ್ಲ. ಅಂಥದ್ದಕ್ಕೂ ಬೈಬಲಿನಲ್ಲಿ ಜಾಗವಿದೆ ಎಂದ ಮೇಲೆ ನಿಮ್ಮ ಆ ದಿನಕ್ಕೂ ದೇವರ ಮುಂದೆ ಜಾಗವಿದೆ.

ಕಷ್ಟದ ಭಾಗಗಳನ್ನು ಹಾರಿಸಬೇಡಿ. ಮಾರ್ಕ 7ರಲ್ಲಿ ಮಗಳಿಗಾಗಿ ಬೇಡಿಬಂದ ಅನ್ಯಜನಾಂಗದ ತಾಯಿಗೆ ಯೇಸು ಕೊಟ್ಟ ಉತ್ತರ ಚುಚ್ಚುತ್ತದೆ. 11ರಲ್ಲಿ ಅಂಜೂರದ ಮರ ಒಣಗಿದ್ದು ಅರ್ಥವಾಗುವುದಿಲ್ಲ. ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ, ನಿಮ್ಮ ಪಾಸ್ಟರ್ ಅಯ್ಯನವರನ್ನೋ ಫಾದರ್ ಅವರನ್ನೋ ಕೇಳಿ. ಆ ತಾಯಿ ತಿರುಗಿ ಮಾತಾಡಿದಳು, ಯೇಸು ಅವಳ ಮಾತನ್ನು ಮೆಚ್ಚಿದ. ಆತನ ಮುಂದೆ ಪ್ರಶ್ನೆ ಇಡುವುದು ಅವಿಶ್ವಾಸವಲ್ಲ. ಮಾರ್ಕನ ಕೊನೆಯ ಹನ್ನೆರಡು ವಚನಗಳು (16:9–20) ಸೈನೈಟಿಕಸ್, ವ್ಯಾಟಿಕನಸ್ ಎಂಬ 4ನೆಯ ಶತಮಾನದ ಎರಡು ಹಸ್ತಪ್ರತಿಗಳಲ್ಲಿಲ್ಲ. ಹಲವು ಮುದ್ರಣಗಳು ಅದನ್ನು ಗುರುತಿಸಿರುತ್ತವೆ. ಇದನ್ನು ತಿಳಿದುಕೊಳ್ಳುವುದರಿಂದ ನಂಬಿಕೆಗೆ ಏನೂ ನಷ್ಟವಿಲ್ಲ.

ಇಬ್ಬರು ಸೇರಿದಾಗ

ಲೂಕ 24ರಲ್ಲಿ ಪುನರುತ್ಥಾನದ ದಿನ ಎಮ್ಮಾಹುವಿನ ದಾರಿಯಲ್ಲಿ ಯೇಸು ಶಾಸ್ತ್ರವನ್ನು ಬಿಡಿಸಿ ಹೇಳಿದ್ದು ಇಬ್ಬರಿಗೆ, ನಡೆಯುತ್ತ. ಆತ ಯಾರೆಂದು ಅವರಿಗೆ ತಿಳಿದದ್ದು ಊಟಕ್ಕೆ ಕೂತಾಗ. ಮನೆ ಪ್ರಾರ್ಥನೆಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಮಾತಾಡುತ್ತಾರೆ, ಉಳಿದವರು ಆಮೆನ್ ಹೇಳುತ್ತಾರೆ. ತಿಂಗಳಿಗೊಮ್ಮೆಯಾದರೂ ಬೇರೆ ರೀತಿ ಮಾಡಿ ನೋಡಿ: ಒಂದು ಪ್ರಸಂಗವನ್ನು ಇಬ್ಬರು ಬೇರೆ ಬೇರೆ ಅನುವಾದದಿಂದ ಓದಲಿ, ಐದು ನಿಮಿಷ ಮೌನ, ಆಮೇಲೆ ಪ್ರತಿಯೊಬ್ಬರೂ ಯೇಸುವಿನ ಬಗ್ಗೆ ತಮಗೆ ಕಂಡ ಒಂದೇ ಒಂದು ಸಂಗತಿ ಹೇಳಲಿ. ಯಾರೂ ತಿದ್ದುವುದು ಬೇಡ, ಪ್ರಸಂಗ ಮಾಡುವುದು ಬೇಡ. ಓದಲು ಬಾರದ ಅಜ್ಜಿ, ಹತ್ತು ವರ್ಷದ ಮೊಮ್ಮಗ ಹೇಳುವುದನ್ನು ಕೇಳಿದಾಗ ಬೈಬಲ್ ಹೊಸದಾಗಿ ಕಾಣುತ್ತದೆ. ಕಣ್ಣು ಮಂಜಾದವರಿಗೆ ಫೋನಿನಲ್ಲಿ ಕನ್ನಡ ಬೈಬಲಿನ ಧ್ವನಿ ಹಾಕಿಕೊಡಿ. ಸುವಾರ್ತೆಗಳ ಮೊದಲ ತಲೆಮಾರಿನ ಹೆಚ್ಚಿನವರು ಕೇಳಿದವರೇ, ಓದಿದವರಲ್ಲ.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ್ದು. ಯೋಹಾನ 14ರಲ್ಲಿ ಯೇಸು ತನ್ನ ಮಾತಿನಂತೆ ನಡೆಯುವವರಿಗೆ ತನ್ನನ್ನು ತೋರಿಸಿಕೊಳ್ಳುವೆನೆಂದು ಹೇಳುತ್ತಾನೆ. ಆತನನ್ನು ಅರಿಯುವ ದಾರಿ ವಿಧೇಯತೆಯ ಮೂಲಕವೇ ಹಾದುಹೋಗುತ್ತದೆ. ಮತ್ತಾಯ 5:23–24 ಓದಿದ ದಿನ, ಆಸ್ತಿ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಮುಖ ಕಣ್ಣಮುಂದೆ ಬಂದರೆ, ಅವತ್ತಿನ ಅಧ್ಯಯನ ಅಲ್ಲಿಗೆ ಮುಗಿಯಿತು, ಫೋನ್ ಮಾಡಬೇಕು. ಅವನು ಎತ್ತದೇ ಇರಬಹುದು, ಸಿಡುಕಬಹುದು. ಜಕ್ಕಾಯ ತಪ್ಪಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದು ಎದ್ದು ನಿಂತ ಹಾಗೆ, ನಮ್ಮ ಓದಿಗೂ ಒಮ್ಮೊಮ್ಮೆ ಹಣದ ಲೆಕ್ಕ ಇರುತ್ತದೆ. ವಾರಕ್ಕೆ ಒಂದಾದರೂ ಹೀಗೆ ಮಾಡಿ ಮುಗಿಸಬೇಕಾದ ಕೆಲಸವನ್ನು ಹೆಸರು ಸಮೇತ ಬರೆದುಕೊಳ್ಳಿ. ಮಾಡಿದ ಮೇಲೆ ಅದೇ ಪ್ರಸಂಗಕ್ಕೆ ಮರಳಿ ಬನ್ನಿ. ಮೊದಲು ಕಾಣದಿದ್ದ ಏನಾದರೊಂದು ಆಗ ಕಾಣುತ್ತದೆ.

ಮಾರ್ಕ ಮುಗಿಯಲು ಎರಡು ತಿಂಗಳ ಮೇಲಾಗಬಹುದು, ಆಗಲಿ. ಮುಂದಿನದು ಯೋಹಾನ, ಅಲ್ಲಿ ಒಬ್ಬೊಬ್ಬ ವ್ಯಕ್ತಿಯ ಜಾಡು ಹಿಡಿಯಿರಿ. ನಿಕೊದೇಮ 3ರಲ್ಲಿ ರಾತ್ರಿ ಬರುತ್ತಾನೆ, 7ರಲ್ಲಿ ಹಿರೀಸಭೆಯಲ್ಲಿ ಯೇಸುವಿನ ಪರವಾಗಿ ಒಂದು ಮಾತು ಎತ್ತುತ್ತಾನೆ, 19ರಲ್ಲಿ ಹಗಲಿನಲ್ಲೇ ಸುಗಂಧದ್ರವ್ಯ ಹೊತ್ತು ಸಮಾಧಿಗೆ ಬರುತ್ತಾನೆ. ಪೇತ್ರನಿಗೆ 18ರಲ್ಲಿ ಒಂದು ಇದ್ದಿಲ ಬೆಂಕಿ, 21ರಲ್ಲಿ ಇನ್ನೊಂದು. ಎರಡನ್ನೂ ಒಟ್ಟಿಗೆ ಓದಿ. ಆಮೇಲೆ ಲೂಕನ ಸುವಾರ್ತೆ ಮತ್ತು ಅಪೊಸ್ತಲರ ಕೃತ್ಯಗಳು. ಎರಡೂ ಒಬ್ಬನೇ ಬರೆದದ್ದರಿಂದ ಬೆನ್ನಿಗೆ ಬೆನ್ನು ಓದಬೇಕು. ಕೊನೆಗೆ ಮತ್ತಾಯ, ಅವನು ಎತ್ತಿ ಹೇಳುವ ಯೆಶಾಯನ ಭಾಗಗಳನ್ನು ಪಕ್ಕದಲ್ಲಿ ಇಟ್ಟುಕೊಂಡು. ನಾಲ್ಕೂ ಸುವಾರ್ತೆ ಸೇರಿ 89 ಅಧ್ಯಾಯ, ಅದಕ್ಕೆ ಒಂದು ವರ್ಷ ಹಿಡಿದರೆ ಹಿಡಿಯಲಿ. ಪೌಲನ ಪತ್ರಿಕೆಗಳಿಗೆ ಅದರ ನಂತರ ಬನ್ನಿ. ಅವನು ಯಾರ ಬಗ್ಗೆ ಅಷ್ಟು ಆವೇಶದಿಂದ ಬರೆಯುತ್ತಿದ್ದಾನೆ ಎಂಬುದು ಅಷ್ಟರಲ್ಲಿ ನಿಮಗೇ ಗೊತ್ತಿರುತ್ತದೆ.